ಮೂಲೆ ಮೇಜಿನ ಪ್ರಕರಣ

ಗಲ್ಲಾದ ಹಿಂದಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ದಪ್ಪ ಸ್ಕೆಚ್ ಪೆನ್ನಿನಲ್ಲಿ ಹೀಗೆ ಬರೆದಿತ್ತು: ‘ಶಾಲೆ, ಕಾಲೇಜು ಮಕ್ಕಳು ಗುಂಪಾಗಿ ಕೂರುವಂತಿಲ್ಲ. ತಿಂದ ಕೂಡಲೇ ಎದ್ದು ಹೋಗತಕ್ಕದ್ದು.’ ಅದರ ಕೆಳಗೆ ಬೇರೆ ಯಾರೋ ಬಾಲ್ ಪೆನ್ನಿನಲ್ಲಿ ಚಿಕ್ಕದಾಗಿ ಕೇಳಿದ್ದರು: ‘ದೊಡ್ಡವರು ಕೂರಬಹುದಾ?’

ಹೋಟೆಲ್ಲು ನನ್ನ ಹಳೇ ಗೆಳೆಯನದು. ಆ ಬಾಲ್ ಪೆನ್ನಿನ ಸಾಲು ಅವನ ತಲೆ ಕೆಡಿಸಿತ್ತು. ‘ನೋಡು, ಇದಕ್ಕೇ ಕೊಬ್ಬು ಅನ್ನೋದು’ ಎಂದ. ನನಗೆ ಅದು ಕೊಬ್ಬು ಅನ್ನಿಸಲಿಲ್ಲ. ಸರಿಯಾದ ಪ್ರಶ್ನೆಯೇ ಕೇಳಿದ್ದಾರಲ್ಲ ಅನ್ನಿಸಿತು. ಅವನ ಲೆಕ್ಕಪತ್ರ ನೋಡಿಕೊಡುವವನು ನಾನು. ತಿಂಗಳಲ್ಲಿ ನಾಲ್ಕೈದು ಸಂಜೆ ಅಲ್ಲೇ ಕೂತಿರುತ್ತೇನೆ. ‘ನಾನು ಮಾಡಿದ್ದು ತಪ್ಪಾ, ನೀನೇ ಹೇಳು’ ಎಂದು ಅವನು ಕೇಳಿದಾಗ ತಕ್ಷಣ ಏನೂ ಹೇಳಲಿಲ್ಲ. ಹದಿನೈದು ದಿನ ಟೈಮ್ ಕೊಡು ಎಂದೆ. ಅಲ್ಲಿದ್ದವರ ಹತ್ತಿರ ಮಾತಾಡಿದೆ, ಕೂತು ನೋಡಿದೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಇಲ್ಲಿರೋದು ಅದೇ. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರ ಬದಲಾಯಿಸಿದ್ದೇನೆ.

ಆ ಗುರುವಾರ

ಹತ್ತು ಮೇಜಿನ ಹೋಟೆಲ್ಲು. ಆರು ಜನ ಕೂರುವ ಮೇಜು ಒಂದೇ, ಅದು ಮೂಲೆಯಲ್ಲಿದೆ. ಪಕ್ಕಕ್ಕೆ ಕಿಟಕಿ, ತಲೆ ಮೇಲೆ ಫ್ಯಾನು. ಶಾಲೆ ಬಿಟ್ಟ ಮೇಲೆ, ನಾಲ್ಕೂಕಾಲಿನ ಹೊತ್ತಿಗೆ, ಹದಿನೈದು ಹದಿನಾರರ ಆರು ಮಕ್ಕಳು ಬಂದು ಅಲ್ಲಿ ಕೂರುತ್ತಿದ್ದರು. ನಾಲ್ಕು ಹುಡುಗಿಯರು, ಇಬ್ಬರು ಹುಡುಗರು. ಮೂರು ತಟ್ಟೆ ತರಿಸಿ ಆರು ಜನ ಹಂಚಿಕೊಂಡು ತಿನ್ನುತ್ತಿದ್ದರು. ಬಿಲ್ಲಿಗೆ ಚಿಲ್ಲರೆ ಒಟ್ಟು ಮಾಡುವುದಕ್ಕೇ ಐದು ನಿಮಿಷ.

ಆ ಗುರುವಾರ ಪರೀಕ್ಷೆ ಮುಗಿದಿತ್ತು. ಆರು ಜನ ಒಂಬತ್ತಾಗಿದ್ದರು. ಪಕ್ಕದ ಮೇಜಿನಿಂದ ಮೂರು ಕುರ್ಚಿ ಎಳೆದುಕೊಂಡಿದ್ದರು. ಒಂದು ಕುರ್ಚಿ ಓಡಾಡುವ ದಾರಿಯಲ್ಲೇ ಇತ್ತು. ಅದರಲ್ಲಿ ಕೂತ ಹುಡುಗ ಕುರ್ಚಿಯನ್ನು ಹಿಂದಿನ ಎರಡು ಕಾಲಿನ ಮೇಲೆ ನಿಲ್ಲಿಸಿ ತೂಗುತ್ತಿದ್ದ. ಐದೂ ಇಪ್ಪತ್ತಕ್ಕೆ ಕುರ್ಚಿ ಜಾರಿತು. ಅವನು ಹಿಂದಕ್ಕೆ ಬಿದ್ದ. ಹಿಂದೆ ನೀರಿನ ಲೋಟಗಳ ಟ್ರೇ ಹಿಡಿದು ಸಪ್ಲೈಯರ್ ಬರುತ್ತಿದ್ದ. ನಾಲ್ಕು ಗಾಜಿನ ಲೋಟ ಒಡೆದವು. ನೀರೆಲ್ಲ ಪಕ್ಕದ ಮೇಜಿನ ಹಿರಿಯರೊಬ್ಬರ ಶರ್ಟು ಮತ್ತು ಪೇಪರಿನ ಮೇಲೆ.

ಒಂದು ಕ್ಷಣ ಎಲ್ಲ ಸುಮ್ಮನಾದರು. ಆಮೇಲೆ ಮಕ್ಕಳು ನಕ್ಕರು.

ಇಲ್ಲಿಯ ತನಕ ಯಾರ ತಕರಾರೂ ಇಲ್ಲ. ಎಲ್ಲರೂ ಇದನ್ನೇ ಹೇಳುತ್ತಾರೆ. ನಕ್ಕ ಮೇಲಿನದ್ದು ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ.

ಯಾರು ಏನು ಕಂಡರು

ಗೆಳೆಯನ ಪ್ರಕಾರ ಮಕ್ಕಳು ನಗುತ್ತಲೇ ಇದ್ದರು. ಯಾರೂ ಏಳಲಿಲ್ಲ, ಒಂದು ಸಾರಿ ಕೂಡ ಕೇಳಲಿಲ್ಲ. ಇವನು ಗಲ್ಲಾದಿಂದ ಎದ್ದು ಬಂದು ‘ಮೊದಲು ಎಲ್ಲರೂ ಹೊರಗೆ ನಡೀರಿ’ ಎಂದು ಕೂಗಿದ. ಅವರು ಹೋದರು. ರಾತ್ರಿ ಚೀಟಿ ಬರೆದ.

ಬಿದ್ದ ಹುಡುಗ ಹೇಳಿದ್ದು ಬೇರೆ. ‘ಅಂಕಲ್, ನಾನು ಎದ್ದ ಕೂಡಲೇ ಗಲ್ಲಾ ಹತ್ರ ಹೋದೆ. ಲೋಟದ ದುಡ್ಡು ಎಷ್ಟು ಅಂತ ಕೇಳೋಕೆ. ಅವರು ನನ್ನ ಮಾತು ಕೇಳಿಸ್ಕೊಳ್ಳಲೇ ಇಲ್ಲ.’ ನಕ್ಕಿದ್ದು ಯಾಕೆ ಎಂದು ಕೇಳಿದೆ. ತಲೆ ಕೆರೆದುಕೊಂಡ. ‘ಗೊತ್ತಿಲ್ಲ. ಭಯ ಆಯ್ತು. ಒಬ್ಬರು ನಕ್ಕರು, ಎಲ್ಲರೂ ನಕ್ಕರು.’

ಒಬ್ಬರು ಅಂದರೆ ಆ ಹುಡುಗಿ. ಆ ಗುಂಪಿನಲ್ಲಿ ಜೋರಾಗಿ ನಗುವವಳು ಅವಳೇ, ಅದನ್ನು ಅವಳೂ ಒಪ್ಪುತ್ತಾಳೆ. ಅವಳ ಅಮ್ಮನ ಒಪ್ಪಿಗೆ ಪಡೆದು, ಅಮ್ಮನ ಎದುರಿಗೇ ಮಾತಾಡಿದೆ. ‘ನನಗೆ ಟೆನ್ಷನ್ ಆದ್ರೂ ನಗು ಬರುತ್ತೆ. ಅಜ್ಜಿ ಆಸ್ಪತ್ರೇಲಿದ್ದಾಗಲೂ ಬಂದಿತ್ತು’ ಎಂದಳು. ಅವಳು ಹೇಳದ ಒಂದು ವಿಷಯ ನನಗೆ ಸಪ್ಲೈಯರ್‌ನಿಂದ ಗೊತ್ತಾಯಿತು. ನಗುತ್ತ ನಗುತ್ತಲೇ ಅವಳು ಎದ್ದು ಹೋಗಿ, ‘ಅಣ್ಣ, ಬಟ್ಟೆ ಕೊಡಿ’ ಎಂದು ಅವನ ಹೆಗಲ ಮೇಲಿದ್ದ ಒರೆಸೋ ಬಟ್ಟೆ ತೆಗೆದುಕೊಂಡು, ಬಗ್ಗಿ ನೆಲ ಒರೆಸಲು ಶುರು ಮಾಡಿದ್ದಳು. ಗಾಜು ಇದೆ, ಬೇಡಮ್ಮ ಎಂದು ಇವನೇ ತಡೆದನಂತೆ. ಅಷ್ಟರಲ್ಲಿ ಗೆಳೆಯನ ಕೂಗು.

ಈ ಮಾತನ್ನು ನಾನು ಗೆಳೆಯನಿಗೆ ಹೇಳಿದಾಗ ಅವನು ನಂಬಲಿಲ್ಲ. ಸಪ್ಲೈಯರನ್ನು ಕರೆದು ಕೇಳಿದ. ಅವನು ಹೌದು ಎಂದ. ‘ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?’ ‘ನೀವು ಕೇಳಲಿಲ್ಲ ಅಣ್ಣ.’

ಗೆಳೆಯ ಸುಳ್ಳು ಹೇಳುವವನಲ್ಲ. ಅವನು ಗಲ್ಲಾದಲ್ಲಿ ಕೂತಿದ್ದ. ಅಲ್ಲಿಂದ ಮಕ್ಕಳ ಮುಖ ಕಾಣುತ್ತದೆ, ನೆಲ ಕಾಣುವುದಿಲ್ಲ. ನಾನು ಅಲ್ಲಿ ಕೂತು ನೋಡಿದೆ. ಬಗ್ಗಿದ ಮನುಷ್ಯ ಮೇಜಿನ ಹಿಂದೆ ಮಾಯ. ನಗು ಮಾತ್ರ ಕೇಳಿಸುತ್ತದೆ.

ಹಿರಿಯರ ಮಾತು

ಶರ್ಟು ನೆನೆಸಿಕೊಂಡ ಹಿರಿಯರನ್ನು ಕಾಣಲು ಹೋದಾಗ ಬೈಗುಳ ಕೇಳಲು ತಯಾರಾಗಿಯೇ ಹೋಗಿದ್ದೆ. ಅವರು ಹಾಗೇನೂ ಬೈಯಲಿಲ್ಲ. ‘ಶರ್ಟು ಒಣಗುತ್ತೆ ಬಿಡಿ. ಪದಬಂಧ ಹೋಯ್ತು. ಎರಡೇ ಪದ ಬಾಕಿ ಇತ್ತು’ ಎಂದರು. ಆಮೇಲೆ ಫೋನ್ ತೆಗೆದು ಯಾರೋ ಕಳಿಸಿದ್ದ ಒಂದು ಸಂದೇಶ ತೋರಿಸಿದರು. ಈಗಿನ ಮಕ್ಕಳಿಗೆ ಐಷಾರಾಮ ಬೇಕು, ನಡತೆ ಇಲ್ಲ, ಹಿರಿಯರು ಒಳಗೆ ಬಂದರೆ ಎದ್ದು ನಿಲ್ಲುವುದಿಲ್ಲ, ಎಂಬ ಅರ್ಥದ ಮಾತು. ಕೆಳಗೆ ಸಾಕ್ರಟೀಸ್ ಎಂದು ಹೆಸರು. ‘ಅವತ್ತೇ ಹೇಳಿದ್ದಾರೆ ನೋಡಿ’ ಎಂದರು.

ಈ ಮಾತು ಸಾಕ್ರಟೀಸನದ್ದಲ್ಲ. ಕೆನೆತ್ ಜಾನ್ ಫ್ರೀಮನ್ ಎಂಬ ಕೇಂಬ್ರಿಜ್ ವಿದ್ಯಾರ್ಥಿ ಹಳೇ ಗ್ರೀಸಿನ ಶಿಕ್ಷಣದ ಬಗ್ಗೆ ಒಂದು ಪ್ರಬಂಧ ಬರೆದಿದ್ದ. ಅದು 1907ರಲ್ಲಿ ಅಚ್ಚಾಯಿತು. ಆ ಕಾಲದ ದೊಡ್ಡವರು ಹುಡುಗರ ಮೇಲೆ ಹೇಳುತ್ತಿದ್ದ ದೂರುಗಳನ್ನೆಲ್ಲ ಅವನು ತನ್ನ ಮಾತಿನಲ್ಲಿ ಒಟ್ಟು ಮಾಡಿ ಹೇಳಿದ್ದ. ಅದು ಬಾಯಿಂದ ಬಾಯಿಗೆ ದಾಟುತ್ತ ಸಾಕ್ರಟೀಸನ ಹೆಸರು ಅಂಟಿಸಿಕೊಂಡಿತು. ಇದನ್ನು ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಯೋಚಿಸಿದರು. ‘ಅಂದ್ರೆ ಇದನ್ನು ಬರೆದವನೂ ಒಬ್ಬ ಹುಡುಗನೇ ಅನ್ನಿ’ ಎಂದು ನಕ್ಕರು. ಆ ನಗು ಸಿಕ್ಕಿದ ಮೇಲೆ ಮಾತು ಸಲೀಸಾಯಿತು.

ಆಗ ಹೊರಬಂದದ್ದು ಅಸಲಿ ವಿಷಯ. ಮೂಲೆ ಮೇಜು ಅವರದ್ದು. ಅಂದರೆ, ಹಾಗೆಂದು ಯಾರೂ ಬರೆದು ಕೊಟ್ಟಿಲ್ಲ. ಹೆಂಡತಿ ತೀರಿಕೊಂಡ ಮೇಲೆ ದಿನಾ ಸಂಜೆ ಐದಕ್ಕೆ ಬರುತ್ತಾರೆ, ಏಳಕ್ಕೆ ಹೋಗುತ್ತಾರೆ. ಕಿಟಕಿಯ ಬೆಳಕಿಗೆ ಪೇಪರ್ ಓದುತ್ತಾರೆ, ಪದಬಂಧ ಬಿಡಿಸುತ್ತಾರೆ. ಆರು ಜನರ ಮೇಜಿನಲ್ಲಿ ಒಬ್ಬರೇ. ಗೆಳೆಯ ಒಂದು ದಿನವೂ ಏನೂ ಅಂದಿಲ್ಲ. ಘಟನೆಗೆ ಎರಡು ತಿಂಗಳ ಹಿಂದೆ ಮಕ್ಕಳು ಬರಲು ಶುರು ಮಾಡಿದರು. ಐದಕ್ಕೆ ಇವರು ಬಂದಾಗ ಮೇಜು ತುಂಬಿರುತ್ತಿತ್ತು. ‘ಒಂದು ದಿನವಾದ್ರೂ ಎದ್ದಾರು ಅಂತ ನೋಡ್ದೆ. ಎದ್ದೇಳಲಿಲ್ಲ.’ ಕೇಳಿದಿರಾ ಎಂದೆ. ‘ನಾನ್ಯಾಕೆ ಕೇಳಬೇಕು? ಗೊತ್ತಾಗಲ್ವಾ?’

ಮಕ್ಕಳಿಗೆ ಗೊತ್ತಾಗಿರಲಿಲ್ಲ. ಹುಡುಗನನ್ನು ಕೇಳಿದಾಗ ಅವನ ಮುಖದಲ್ಲಿ ನಿಜವಾದ ಆಶ್ಚರ್ಯ. ‘ಆ ತಾತಂಗೆ ಅಲ್ಲಿ ಕೂರಬೇಕಿತ್ತಾ? ಹೇಳಿದ್ರೆ ನಾವೇ ಬಿಡ್ತಿದ್ವಿ.’ ಬಿಡುತ್ತಿದ್ದರೋ ಇಲ್ಲವೋ, ನನಗೂ ಸ್ವಲ್ಪ ಅನುಮಾನವೇ. ಆದರೆ ಹಿರಿಯರು ಮೌನವಾಗಿ ಒಂದು ಪರೀಕ್ಷೆ ಒಡ್ಡಿದ್ದರು, ಮಕ್ಕಳು ಅದು ಪರೀಕ್ಷೆ ಅಂತಲೇ ತಿಳಿಯದೆ ದಿನಾ ಫೇಲಾಗುತ್ತಿದ್ದರು. ಎರಡು ತಿಂಗಳು ಹೀಗೆ ಜಮಾ ಆದ ಸಿಟ್ಟಿನ ಮೇಲೆ ಆ ಗುರುವಾರ ನೀರು ಬಿತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಇಂಥ ಜಾಗಗಳನ್ನು ‘ಮೂರನೇ ಜಾಗ’ ಎಂದು ಕರೆದ. ಮನೆ ಒಂದು, ಕೆಲಸದ ಜಾಗ ಎರಡು, ಇವೆರಡೂ ಅಲ್ಲದೆ ಸುಮ್ನೆ ಹೋಗಿ ಕೂರುವ ಜಾಗ ಮೂರನೆಯದು. ಅಲ್ಲಿ ಮಾತೇ ಮುಖ್ಯ, ತಿನ್ನೋದು ನೆಪ. ಎಪ್ಪತ್ತು ದಾಟಿದ ಒಂಟಿ ಮನುಷ್ಯನಿಗೂ ಹದಿನಾರರ ಹುಡುಗಿಗೂ ಬೇಕಾಗಿದ್ದು ಇದೊಂದೇ. ಇಬ್ಬರೂ ಕಡಿಮೆ ತಿಂದು ಜಾಸ್ತಿ ಹೊತ್ತು ಕೂರುವವರು. ಗೆಳೆಯನ ಬಿಲ್ ಪುಸ್ತಕ ನನ್ನ ಕೈಯಲ್ಲೇ ಇರೋದರಿಂದ ಇದನ್ನು ಖಾತ್ರಿಯಾಗಿ ಹೇಳಬಲ್ಲೆ: ತಲೆಗೆ ಲೆಕ್ಕ ಹಾಕಿದರೆ ಹಿರಿಯರು ಒಂದು ಗಂಟೆಗೆ ಕೊಡುವ ದುಡ್ಡಿಗೂ ಒಂದು ಮಗು ಕೊಡುವ ದುಡ್ಡಿಗೂ ದೊಡ್ಡ ವ್ಯತ್ಯಾಸ ಇಲ್ಲ.

ನೋಟ್‌ಬುಕ್ಕಿನ ಮಾತುಗಳು

ಆ ಹದಿನೈದು ದಿನ ನಾನು ಒಂದು ಕೆಲಸ ಮಾಡಿದೆ. ಗೆಳೆಯ, ಸಪ್ಲೈಯರ್, ದಿನಾ ಬರುವ ಗಿರಾಕಿಗಳು ಬೇರೆ ಬೇರೆ ಮೇಜಿನವರ ಬಗ್ಗೆ ಆಡುವ ಮಾತನ್ನು ಹಾಗೆಹಾಗೇ ಬರೆದುಕೊಂಡೆ.

ಆಫೀಸಿನಿಂದ ಬರುವ ಐದು ಗಂಡಸರು ‘ಹರಟೆ ಹೊಡೀತಾರೆ’. ಮಕ್ಕಳು ‘ಗಲಾಟೆ ಮಾಡ್ತಾರೆ’. ಹಿರಿಯರು ‘ಸ್ವಲ್ಪ ಹೊತ್ತು ಕೂತಿರ್ತಾರೆ, ಪಾಪ’. ಮಕ್ಕಳು ‘ಠಿಕಾಣಿ ಹೂಡ್ತಾರೆ’. ಗಂಡಸರು ಫೋನಿನಲ್ಲಿ ವಿಡಿಯೋ ಜೋರಾಗಿ ಹಾಕಿದರೆ ‘ಏನೋ ನೋಡ್ತಿದ್ದಾರೆ’. ಮಕ್ಕಳು ಹಾಕಿದರೆ ‘ಶೋಕಿ’. ಒಬ್ಬ ಗಂಡಸು ಲೋಟ ಬೀಳಿಸಿದರೆ ‘ಕೈ ಜಾರಿತು’. ಹುಡುಗ ಬೀಳಿಸಿದರೆ ‘ಮೈಮೇಲೆ ಜ್ಞಾನ ಇಲ್ಲ’. ಕೊನೆಯದನ್ನು ಗಮನಿಸಿ. ಕೈ ಜಾರುವುದು ಆ ಕ್ಷಣಕ್ಕೆ ಆಗಿಹೋದ ಸಂಗತಿ. ಜ್ಞಾನ ಇಲ್ಲದಿರುವುದು ಮನುಷ್ಯನ ಗುಣ. ಸಂದರ್ಭವನ್ನು ಬಿಟ್ಟು ಮನುಷ್ಯನ ಸ್ವಭಾವವನ್ನೇ ದೂರುವ ಈ ಚಾಳಿಯ ಬಗ್ಗೆ ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಬರೆದಿದ್ದಾನೆ. ನಮ್ಮವರ ವಿಷಯದಲ್ಲಿ ನಾವು ಧಾರಾಳವಾಗಿ ಸಂದರ್ಭ ಹುಡುಕುತ್ತೇವೆ. ಬೇರೆಯವರಿಗೆ ಆ ರಿಯಾಯಿತಿ ಇಲ್ಲ.

ಹುಡುಗಿಯರ ವಿಷಯಕ್ಕೆ ಇನ್ನೊಂದು ಪದರ ಇತ್ತು. ಇಬ್ಬರು ಹುಡುಗರ ಬಗ್ಗೆ ‘ಪೋಲಿ ಹುಡುಗರು’ ಎಂಬ ಮಾತು ಬಂತು. ಅದರಲ್ಲಿ ಅರ್ಧ ಬೈಗುಳ, ಅರ್ಧ ಮುದ್ದು. ನಗುವ ಹುಡುಗಿಯ ಬಗ್ಗೆ ಬಂದ ಮಾತು ‘ಹುಡುಗಿಯಾಗಿ ಅಷ್ಟು ಜೋರಾಗಿ’. ಅದರಲ್ಲಿ ಮುದ್ದು ಇರಲಿಲ್ಲ. ಲೋಟ ಒಡೆದವನು ಹುಡುಗ. ಒಡೆದ ಲೋಟದ ಸುದ್ದಿ ಹೇಳುವಾಗ ಮೂವರು ಗಿರಾಕಿಗಳು ನನ್ನ ಹತ್ತಿರ ಮೊದಲು ಹೇಳಿದ್ದು ಆ ಹುಡುಗಿಯ ನಗುವಿನ ವಿಷಯ. ಇದನ್ನು ಬರೆದುಕೊಳ್ಳುವಾಗ ನನಗೇ ಸ್ವಲ್ಪ ನಾಚಿಕೆಯಾಯಿತು. ಯಾಕೆಂದರೆ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೂ ಆ ಮಕ್ಕಳ ಪೈಕಿ ಮೊದಲು ಬಂದಿದ್ದು ಅವಳೇ: ‘ಜೋರಾಗಿ ನಗುವವಳು’.

ಒಡೆದ ಲೋಟಗಳ ಲೆಕ್ಕ

‘ಈ ಮಕ್ಕಳು ಬರೋಕೆ ಶುರು ಮಾಡಿದ ಮೇಲೆ ವಾರಕ್ಕೊಂದು ಒಡೆಯುತ್ತೆ’ ಎಂದು ಗೆಳೆಯ ಹೇಳಿದ್ದ. ಅದೃಷ್ಟಕ್ಕೆ ಇದಕ್ಕೆ ಲೆಕ್ಕ ಇತ್ತು. ತಿಂಗಳ ಕೊನೆಗೆ ಮಾಲೀಕ ಕೇಳುತ್ತಾನೆಂದು ಸಪ್ಲೈಯರ್ ಉಗ್ರಾಣದ ಕ್ಯಾಲೆಂಡರಿನಲ್ಲಿ ಗೀಟು ಹಾಕಿಡುತ್ತಾನೆ, ಪಕ್ಕದಲ್ಲಿ ಯಾರಿಂದ ಅಂತಲೂ ಬರೆಯುತ್ತಾನೆ. ಮೂರು ತಿಂಗಳಲ್ಲಿ ಹನ್ನೊಂದು ಸಲ. ಅದರಲ್ಲಿ ನಾಲ್ಕು ಅಡುಗೆಮನೆಯದ್ದು, ಮೂರು ಸಪ್ಲೈಯರನದ್ದೇ, ಎರಡು ದೊಡ್ಡ ಗಿರಾಕಿಗಳದ್ದು. ಮಕ್ಕಳದ್ದು ಎರಡು, ಗುರುವಾರದ್ದು ಸೇರಿ. ಅಡುಗೆಮನೆಯ ನಾಲ್ಕರಲ್ಲಿ ಒಂದು ಗೆಳೆಯನೇ ಬೀಳಿಸಿದ್ದು. ಅದು ಅವನಿಗೆ ನೆನಪೇ ಇರಲಿಲ್ಲ.

ಇದು ಬರೀ ಮರೆವಲ್ಲ. 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಒಂದು ಪ್ರಯೋಗ ಮಾಡಿದ್ದರು. ಎರಡು ಗುಂಪಿನವರ ನಡತೆಯ ಬಗ್ಗೆ ಒಂದೊಂದೇ ವಾಕ್ಯ ಓದಿಸಿದರು. ದೊಡ್ಡ ಗುಂಪಿನ ಬಗ್ಗೆ 26 ವಾಕ್ಯ: 18 ಒಳ್ಳೆಯದು, 8 ಕೆಟ್ಟದ್ದು. ಚಿಕ್ಕ ಗುಂಪಿನ ಬಗ್ಗೆ 13: 9 ಒಳ್ಳೆಯದು, 4 ಕೆಟ್ಟದ್ದು. ಎರಡರಲ್ಲೂ ಒಳ್ಳೆಯದು ಕೆಟ್ಟದ್ದರ ಪ್ರಮಾಣ ಒಂದೇ. ಆದರೂ ಓದಿದವರು ಚಿಕ್ಕ ಗುಂಪಿನ ಕೆಟ್ಟ ನಡತೆಯನ್ನು ಇದ್ದದ್ದಕ್ಕಿಂತ ಹೆಚ್ಚು ಎಣಿಸಿದರು. ಅಪರೂಪದ ಜನ, ಅಪರೂಪದ ಘಟನೆ, ಎರಡೂ ಕೂಡಿ ಬಂದರೆ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಹತ್ತು ಮೇಜಿನಲ್ಲಿ ಯೂನಿಫಾರಂ ಹಾಕಿದ ಮೇಜು ಒಂದೇ. ಅಲ್ಲಿ ಬಿದ್ದ ಲೋಟದ ಸದ್ದು ಜಾಸ್ತಿ ದಿನ ಕೇಳಿಸುತ್ತದೆ.

ಗದ್ದಲದ ವಿಷಯವೂ ಹೀಗೇ. ಭಾನುವಾರ ಶಾಲೆ ಇಲ್ಲ, ಮಕ್ಕಳು ಬರಲ್ಲ. ಒಂದು ಭಾನುವಾರ ಸಂಜೆ ಗೆಳೆಯನನ್ನೂ ಕರೆದು ಮೂಲೆ ಮೇಜಿನ ಹತ್ತಿರ ಕೂರಿಸಿಕೊಂಡೆ. ಆರು ಗಂಟೆಯ ಹೊತ್ತಿಗೆ ನಾವಿಬ್ಬರೂ ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಿದ್ದೆವು. ಕಲ್ಲಿನ ನೆಲ, ಟೈಲ್ಸಿನ ಗೋಡೆ, ಸ್ಟೀಲಿನ ಮೇಜು. ಸದ್ದನ್ನು ಹೀರುವ ವಸ್ತು ಒಂದೂ ಇಲ್ಲ. ಸುತ್ತ ಸದ್ದಿದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ ಇದನ್ನು 1911ರಲ್ಲಿ ಬರೆದಿಟ್ಟ, ಅವನ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಒಂದು ಮೇಜು ದನಿ ಏರಿಸಿದರೆ ಪಕ್ಕದ್ದು ಏರಿಸಬೇಕು, ಅದಕ್ಕೆ ಮೂರನೆಯದು. ಕೊನೆಗೆ ಯಾರು ಶುರು ಮಾಡಿದ್ದು ಎಂದು ಹುಡುಕಿದರೆ ಸಿಗುವುದು ಯಾರು? ತೆಳ್ಳನೆಯ, ಎತ್ತರದ ದನಿಯವರು. ಅವರ ದನಿ ಎಲ್ಲದರ ಮೇಲೆ ತೇಲುತ್ತದೆ.

ಗೆಳೆಯ ಭಾನುವಾರ ಅಷ್ಟು ಗದ್ದಲ ಇರುತ್ತೆ ಅಂತ ಒಪ್ಪಿದ. ‘ಆದ್ರೆ ಅದು ವ್ಯಾಪಾರದ ಗದ್ದಲ’ ಎಂದ. ಅದನ್ನೂ ಬರೆದುಕೊಂಡೆ.

ಮಕ್ಕಳ ಪರ ವಕಾಲತ್ತು ಅಲ್ಲ

ಇಲ್ಲಿಯವರೆಗೆ ಓದಿದವರು ಇವನು ಮಕ್ಕಳ ಕಡೆಯವನು ಎಂದುಕೊಂಡಿರಬಹುದು. ಪೂರ್ತಿ ಅಲ್ಲ. ಓಡಾಡುವ ದಾರಿಯಲ್ಲಿ ಕುರ್ಚಿ ಹಾಕಿದ್ದು ತಪ್ಪು. ಆ ಕುರ್ಚಿಯನ್ನು ತೂಗಿದ್ದು ಇನ್ನೂ ತಪ್ಪು. ಬಿಸಿ ಪಾತ್ರೆ ಹಿಡಿದು ಬರುವ ಹೊತ್ತಾಗಿದ್ದರೆ ಸಪ್ಲೈಯರನ ಕೈ ಸುಡುತ್ತಿತ್ತು. ಇನ್ನೊಂದು ವಿಷಯ ಹುಡುಗನೇ ಒಪ್ಪಿಕೊಂಡ: ಅವನು ಒಬ್ಬನೇ ಇದ್ದಾಗ, ಅಪ್ಪ ಅಮ್ಮನ ಜೊತೆ ಬಂದಾಗ, ಕುರ್ಚಿ ತೂಗುವುದಿಲ್ಲ.

ಮಾರ್ಗೋ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. 13ರಿಂದ 16ರವರು, 18ರಿಂದ 22ರವರು, 24 ದಾಟಿದವರು, ಹೀಗೆ ಮೂರು ಗುಂಪು ಮಾಡಿ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಒಂಟಿಯಾಗಿ ಆಡಿದ್ದಕ್ಕಿಂತ ಗೆಳೆಯರು ಪಕ್ಕದಲ್ಲಿದ್ದಾಗ ಚಿಕ್ಕವರು ಅಪಾಯಕ್ಕೆ ಕೈ ಹಾಕಿದ್ದು ತುಂಬ ಜಾಸ್ತಿ. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ‘ಗುಂಪಾಗಿ ಬಂದರೆ ಇವರು ಬೇರೆಯೇ’ ಎನ್ನುವ ಗೆಳೆಯನ ಅನುಭವ ಸುಳ್ಳಲ್ಲ. ಎಂಟು ಜನರ ಕಣ್ಣೆದುರು ಕುರ್ಚಿ ತೂಗುವ ಹುಡುಗನಿಗೆ ಕುರ್ಚಿ ಕಾಣಿಸುವುದಿಲ್ಲ, ಎಂಟು ಜನ ಮಾತ್ರ ಕಾಣಿಸುತ್ತಾರೆ.

ಆದರೆ ಇದರಿಂದ ಏನು ಮಾಡಬೇಕೆಂಬುದು ಬೇರೆ ಮಾತು. ತೂಗುವ ಕುರ್ಚಿಯನ್ನು ನಿಲ್ಲಿಸಬಹುದು. ‘ತಮ್ಮಾ, ನಾಲ್ಕು ಕಾಲೂ ನೆಲಕ್ಕೆ ತಾಗಲಿ’ ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಎರಡು ತಿಂಗಳಲ್ಲಿ ಯಾರಾದರೂ ಹೇಳಿದ್ದರಾ ಎಂದು ಎಲ್ಲರನ್ನೂ ಕೇಳಿದೆ. ಯಾರೂ ಹೇಳಿರಲಿಲ್ಲ. ಎಲ್ಲರೂ ನೋಡಿದ್ದರು. ಹರೆಯದಲ್ಲಿ ಮಕ್ಕಳಿಗೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ ಎಂದು ಡೇವಿಡ್ ಎಲ್ಕಿಂಡ್ 1967ರಲ್ಲಿ ಬರೆದ, ಅದಕ್ಕೆ ‘ಕಲ್ಪನೆಯ ಪ್ರೇಕ್ಷಕರು’ ಎಂದು ಹೆಸರಿಟ್ಟ. ಈ ಹೋಟೆಲ್ಲಿನ ಮಟ್ಟಿಗೆ ಕಲ್ಪನೆ ಏನಿಲ್ಲ. ನಿಜಕ್ಕೂ ಎಲ್ಲರೂ ನೋಡುತ್ತಿದ್ದರು, ಮಾತಾಡಿಸುವವರು ಮಾತ್ರ ಇರಲಿಲ್ಲ.

‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಗೆಳೆಯ ಎರಡು ಸಲ ಹೇಳಿದ. ನಾವಿಬ್ಬರೂ ಒಂದೇ ಕ್ಲಾಸಿನವರು. ನಮ್ಮ ಕಾಲದಲ್ಲಿ ಹೇಗಿತ್ತು ಎಂದು ಅವನಿಗೆ ನೆನಪಿಸಿದೆ, ವಿವರ ಇಲ್ಲಿ ಬೇಡ. 2019ರಲ್ಲಿ ಜಾನ್ ಪ್ರೊಟ್ಜ್‌ಕೊ ಮತ್ತು ಜೊನಾಥನ್ ಸ್ಕೂಲರ್ ಅಮೆರಿಕದ ದೊಡ್ಡವರನ್ನು ಇದೇ ವಿಷಯಕ್ಕೆ ಕೇಳಿದ್ದರು. ಓದಿನಲ್ಲಿ ಮುಂದಿರುವವರೇ ಈಗಿನ ಮಕ್ಕಳು ಓದುವುದಿಲ್ಲ ಎಂದು ಜಾಸ್ತಿ ದೂರಿದರು. ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ನಂಬಿದವರು ಮಕ್ಕಳಿಗೆ ಗೌರವ ಇಲ್ಲ ಎಂದು ಜಾಸ್ತಿ ಹೇಳಿದರು. ಅಂದರೆ ಈಗಿನ ನನ್ನನ್ನೇ ಅಂದಿನ ಎಲ್ಲ ಮಕ್ಕಳ ಮೇಲೂ ಹಾಕಿ ನೋಡುತ್ತೇನೆ, ಆಮೇಲೆ ಇಂದಿನವರು ಕೆಟ್ಟರು ಎನ್ನುತ್ತೇನೆ. ನನ್ನ ಗೆಳೆಯ ಈಗ ಅಚ್ಚುಕಟ್ಟಿನ ಮನುಷ್ಯ. ಹದಿನಾರರಲ್ಲೂ ತಾನು ಹೀಗೇ ಇದ್ದೆ ಎಂದು ಅವನು ಮನಸಾರೆ ನಂಬಿದ್ದಾನೆ.

ಸದ್ದು ಮಾಡುವ ಪೆಟ್ಟಿಗೆ

ಚೀಟಿ ಅಂಟಿಸಿದ ಮೇಲೆ ಗೆಳೆಯನ ಭಾವಮೈದುನ ಇನ್ನೊಂದು ಉಪಾಯ ತಂದ. ಹರೆಯದವರಿಗೆ ಮಾತ್ರ ಕೇಳುವ ಕಿರಿಕಿರಿ ಸದ್ದು ಹೊರಡಿಸುವ ಒಂದು ಪೆಟ್ಟಿಗೆ. ಬಾಗಿಲಿಗೆ ಹಾಕಿದರೆ ಅವರು ನಿಲ್ಲುವುದಿಲ್ಲ, ದೊಡ್ಡವರಿಗೆ ಗೊತ್ತೂ ಆಗುವುದಿಲ್ಲ. ಇದು ತಮಾಷೆಯಲ್ಲ, ಇಂಥ ಯಂತ್ರ ನಿಜಕ್ಕೂ ಇದೆ. ವೇಲ್ಸ್‌ನ ಹೊವರ್ಡ್ ಸ್ಟೇಪಲ್‌ಟನ್ 2005ರಲ್ಲಿ ‘ಮಸ್ಕಿಟೋ’ ಹೆಸರಿನಲ್ಲಿ ಇದನ್ನು ತಂದ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀರಾ ಎತ್ತರದ ಸದ್ದುಗಳನ್ನು. ಹಾಗಾಗಿ 17 ಕಿಲೋಹರ್ಟ್ಸ್ ಹತ್ತಿರದ ಸದ್ದು ಹೆಚ್ಚಾಗಿ ಇಪ್ಪತ್ತೈದರ ಒಳಗಿನವರಿಗೆ ಮಾತ್ರ ಕೇಳಿಸುತ್ತದೆ. 2010ರಲ್ಲಿ ಯುರೋಪ್ ಕೌನ್ಸಿಲ್‌ನ ಸಂಸದೀಯ ಸಭೆ ಇದರ ಮಾರಾಟ, ಬಳಕೆ ಎರಡನ್ನೂ ನಿಷೇಧಿಸಬೇಕೆಂದು ಶಿಫಾರಸು ಮಾಡಿತು.

ಈ ಉಪಾಯ ಬಿದ್ದುಹೋಗಿದ್ದು ನನ್ನ ವಾದದಿಂದಲ್ಲ. ಗೆಳೆಯ ಸಪ್ಲೈಯರ್ ಕಡೆ ತಿರುಗಿ ‘ನಿನಗೆ ಎಷ್ಟೋ ವಯಸ್ಸು?’ ಎಂದ. ‘ಹತ್ತೊಂಬತ್ತು ಅಣ್ಣ.’ ದಿನಕ್ಕೆ ಹತ್ತು ಗಂಟೆ ಆ ಸದ್ದಿನಲ್ಲಿ ನಿಲ್ಲಬೇಕಾದವನು ಅವನೇ. ಗೆಳೆಯನಿಗೆ ಅದುವರೆಗೆ ಆ ಹುಡುಗ ಹರೆಯದವರ ಲೆಕ್ಕಕ್ಕೆ ಬರುತ್ತಾನೆ ಅಂತಲೇ ಹೊಳೆದಿರಲಿಲ್ಲ. ಟ್ರೇ ಹಿಡಿದರೆ ಹುಡುಗ ದೊಡ್ಡವನಾಗಿಬಿಡುತ್ತಾನೆ, ಬ್ಯಾಗು ಹಾಕಿದರೆ ಮಗುವೂ ಅಲ್ಲ, ದೊಡ್ಡವನೂ ಅಲ್ಲ.

ಏನು ಮಾಡಿದೆವು

ಬಿಲ್ ಪುಸ್ತಕ ತೆಗೆದು ಗಂಟೆವಾರು ನೋಡಿದೆವು. ನಾಲ್ಕೂಕಾಲರಿಂದ ಐದರ ತನಕ ಹೋಟೆಲ್ಲಿನಲ್ಲಿ ಮಕ್ಕಳನ್ನು ಬಿಟ್ಟರೆ ಹೆಚ್ಚು ಜನ ಇಲ್ಲ. ನಿಜವಾದ ತಿಕ್ಕಾಟ ಇದ್ದದ್ದು ಐದರಿಂದ ಐದೂವರೆ, ಬರೀ ಅರ್ಧ ಗಂಟೆ. ಇಡೀ ‘ಈಗಿನ ಮಕ್ಕಳು’ ಎಂಬ ಸಮಸ್ಯೆ ಕೊನೆಗೆ ಅರ್ಧ ಗಂಟೆ, ಒಂದು ಮೇಜಿಗೆ ಬಂದು ನಿಂತಿತು.

ಚೀಟಿ ಹದಿನೆಂಟನೇ ದಿನ ಇಳಿಯಿತು. ಅದರ ಜಾಗದಲ್ಲಿ ಬಂದದ್ದು: ‘ಸಂಜೆ ಐದರ ಮೇಲೆ ಜನ ಕಾಯುತ್ತಿದ್ದರೆ ದಯವಿಟ್ಟು ಮೇಜು ಬಿಟ್ಟುಕೊಡಿ. ಕುರ್ಚಿ ದಾರಿಗೆ ಎಳೆಯಬೇಡಿ.’ ಯಾರ ವಯಸ್ಸೂ ಅದರಲ್ಲಿಲ್ಲ. ಆರು ಜನರ ಮೇಜು ಎದುರು ಗೋಡೆಗೆ ಹೋಯಿತು. ಕಿಟಕಿ ಪಕ್ಕಕ್ಕೆ ಇಬ್ಬರ ಮೇಜು ಬಂತು. ಕುರ್ಚಿ ಕಾಲುಗಳಿಗೆ ರಬ್ಬರ್ ಹಾಕಿಸಿದ. ಇದು ಎಲ್ಲದಕ್ಕಿಂತ ಒಳ್ಳೇ ಕೆಲಸ ಅಂತ ನನ್ನ ಅಭಿಪ್ರಾಯ. ಕುರ್ಚಿ ಎಳೆಯುವ ಕೀರಲು ಸದ್ದು ನಿಂತು ಅರ್ಧ ಗಲಾಟೆ ಅಲ್ಲೇ ಕಡಿಮೆಯಾಯಿತು. ಆ ಸದ್ದನ್ನು ಇಷ್ಟು ದಿನ ಯಾರ ಲೆಕ್ಕಕ್ಕೆ ಬರೆದಿದ್ದೆವೋ ಗೊತ್ತಿಲ್ಲ.

ಹುಡುಗ ಬಂದು ಹಿರಿಯರಿಗೆ ಸಾರಿ ಹೇಳಿದ. ‘ಬಿದ್ದಿದ್ದು ಇರಲಿ, ನಕ್ಕಿದ್ದು ಯಾಕೋ?’ ಎಂದು ಅವರೂ ಕೇಳಿದರು. ಅವನ ಹತ್ತಿರ ಅವತ್ತೂ ಉತ್ತರ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತರು. ಹಿರಿಯರಿಗೆ ಸಮಾಧಾನ ಆಗಲಿಲ್ಲ ಎಂದು ಅವರ ಮುಖದಲ್ಲಿ ಗೊತ್ತಾಗುತ್ತಿತ್ತು. ಲೋಟದ ದುಡ್ಡನ್ನು ಗೆಳೆಯ ಈ ಸಲ ತೆಗೆದುಕೊಂಡ, ಬೇಡ ಎನ್ನಬೇಡ ಎಂದು ನಾನೇ ಹೇಳಿದ್ದೆ. ಕೊಡಲು ಬಂದವನ ಕೈಯಿಂದ ತೆಗೆದುಕೊಳ್ಳದಿದ್ದರೆ ಅವನು ತಪ್ಪು ಮಾಡಿದವನಾಗಿಯೇ ಉಳಿಯುತ್ತಾನೆ.

ಮಕ್ಕಳು ಮತ್ತೆ ಬರುತ್ತಿದ್ದಾರೆ. ಈಗ ಐದು ಜನ.

ಆ ಹುಡುಗಿ ಬರುವುದಿಲ್ಲ. ಘಟನೆಯಾದ ವಾರವೇ ಅವಳ ಅಮ್ಮನಿಗೆ ಸುದ್ದಿ ಹೋಗಿತ್ತು. ಹುಡುಗರ ಜೊತೆ ಹೋಟೆಲ್ಲಿನಲ್ಲಿ ಕೂತು ಊರಿಗೆಲ್ಲ ಕೇಳುವ ಹಾಗೆ ನಗುತ್ತಾಳೆ, ಲೋಟ ಒಡೆದು ಗಲಾಟೆಯಾಗಿ ಹೊರಗೆ ಹಾಕಿದರಂತೆ, ಎಂದು. ಈಗ ಶಾಲೆ ಬಿಟ್ಟ ಕೂಡಲೇ ಮನೆ. ನಾನು ಅವಳನ್ನು ಅಮ್ಮನ ಎದುರಿಗೆ ಕೂರಿಸಿ ಮಾತಾಡಿಸಿದಾಗಲೇ ಇದು ಜಾರಿಯಲ್ಲಿತ್ತು. ನನಗೆ ಅದು ಗೊತ್ತಿರಲಿಲ್ಲ, ಅವರಿಬ್ಬರೂ ಹೇಳಲಿಲ್ಲ. ವಿಷಯ ತಿಳಿದ ಮೇಲೆ ಗೆಳೆಯನೇ ಹೊರಟ. ಅವಳು ನೆಲ ಒರೆಸಿದ್ದನ್ನು ಅಮ್ಮನಿಗೆ ಹೇಳಬೇಕು ಅಂತ. ನಾನೂ ಜೊತೆಗೆ ಹೋದೆ.

ಆಕೆ ಪೂರ್ತಿ ಕೇಳಿಸಿಕೊಂಡರು. ‘ನೀವು ಹೇಳೋದು ನಿಜ ಇರಬಹುದು ಸರ್. ನನ್ನ ಮಗಳು ಎಂಥವಳು ಅಂತ ನನಗೆ ಗೊತ್ತು. ಆದ್ರೆ ನನಗೆ ಬಂದು ಹೇಳಿದವರು ಇಬ್ಬರು. ಅವರು ಇನ್ನೆಷ್ಟು ಜನಕ್ಕೆ ಹೇಳಿದ್ದಾರೋ. ಅವರೆಲ್ಲರ ಮನೆಗೂ ನೀವು ಹೋಗ್ತೀರಾ?’

ಆ ಇಬ್ಬರು ಯಾರು ಎಂದು ಗೆಳೆಯ ಕೇಳಿದ. ಆಕೆ ಹೇಳಲಿಲ್ಲ.

ವಾಪಸ್ ಬರುವಾಗ ಅವನು ಗಾಡಿ ಸ್ಟಾರ್ಟ್ ಮಾಡದೆ ಸ್ವಲ್ಪ ಹೊತ್ತು ನಿಂತ. ಆ ವಾರ ಪೂರ್ತಿ, ಬಿಲ್ ಕೊಡಲು ಬಂದ ಒಬ್ಬೊಬ್ಬರಿಗೂ ಗಲ್ಲಾದಲ್ಲಿ ಕೂತು ಈ ಕತೆಯನ್ನು ಹೇಳಿದವನು ಅವನೇ. ‘ಯಾರ್ಯಾರಿಗೆ ಹೇಳಿದ್ದೆ ಅಂತ ನೆನಪು ಮಾಡ್ಕೋತಿದ್ದೀನಿ’ ಎಂದ. ಏಳೆಂಟು ಹೆಸರು ಹೇಳಿದ. ಆಮೇಲೆ ನಿಲ್ಲಿಸಿದ.